ಹಾಳುಮಠದ ಹೊಸ್ತಿಲು

ಗುಡೇಕೋಟೆ
2 ಡಿಸೆಂಬರ್ 2024, ಸೋಮವಾರ

ಅಂಜಿನಕ್ಕ ಅವರಿಗೆ ಗೀತಾ ಮಾಡುವ ನಮಸ್ಕಾರಗಳು.

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಎಮ್ಮೆ ಹಿಂಡಿ, ರೊಟ್ಟಿ ಬಡಿದು ಹೊಲಕ್ಕೆ ಹೋದೆ. ಇಡೀ ದಿನ ಅಲ್ಲೇ ಇದ್ದೆ. ಶೇಂಗಾ ಕಿತ್ತಾದ ಮೇಲೆ ಹೊಲದಲ್ಲಿ ನನಗೇನು ಕೆಲಸ ಎಂದು ನೀವು ಕೇಳುತ್ತೀರಿ. ಅದನ್ನು ಹೇಳುವುದಕ್ಕೇ ಈ ಪತ್ರ.

ನಮ್ಮ ಹೊಲದ ಮೂಲೆಯ ಹಾಳುಮಠದ ದಿಬ್ಬವನ್ನು ಅಗೆದು ನೋಡಲು ಪುರಾತತ್ವದವರು ಬಂದಿದ್ದಾರೆ. ಮೇಲಿನವರು ಕ್ರಾಂತಿ ಎಂಬ ಹೆಣ್ಣುಮಗಳು, ಹರಪನಹಳ್ಳಿಯವರು. ವಯಸ್ಸು ಮೂವತ್ತರ ಆಚೆ ಈಚೆ ಇರಬಹುದು. ಬುದ್ಧನನ್ನು ನಂಬುವ ಮನೆಯವರಂತೆ. ನನ್ನ ಒಪ್ಪಿಗೆ ಕೇಳಿದರು. ದಿಬ್ಬದ ಮೇಲೆ ನಿಮ್ಮ ಅಪ್ಪನ ಕಾಲದಿಂದಲೂ ಯಾರೂ ಬಿತ್ತಿಲ್ಲ, ಹಾಗಾಗಿ ಆಗಲಿ ಎಂದೆ. ನಿಮ್ಮನ್ನು ಕೇಳದೆ ಹೇಳಿದ್ದಕ್ಕೆ ತಪ್ಪು ತಿಳಿಯಬೇಡಿ.

ಸಾವಿರ ವರ್ಷದ ಹಿಂದಿನ ಸಣ್ಣ ಮಠವಂತೆ. ಇದುವರೆಗೆ ಎರಡು ಕೋಣೆಯ ಗೋಡೆ ಕಂಡಿವೆ. ಒಬ್ಬ ಮನುಷ್ಯ ಕಾಲು ಚಾಚಿ ಮಲಗಿದರೆ ಮುಗಿಯಿತು, ಅಷ್ಟೇ ಜಾಗ. ಜಂಬಯ್ಯ ಕೂಲಿಯವರ ಜೊತೆ ಇದ್ದಾನೆ. ಅವನು ಕೇಳಿದ: "ಮೇಡಂ, ನಿಮ್ಮ ಬುದ್ಧನ ಮಠ ಏನ್ರಿ ಇದು?" ಅದಕ್ಕೆ ಅವರು, "ಅಲ್ಲ ಬಿಡ್ರಿ ಜಂಬಯ್ಯ, ಶಿವನ ಮಠ. ನಮ್ಮಪ್ಪಂಗೆ ಬೇಜಾರಾಗ್ತತೆ ಅಷ್ಟೆ" ಎಂದು ನಕ್ಕರು.

ನನಗೆ ಬೋಕಿ ತೊಳೆಯುವ ಕೆಲಸ ಕೊಟ್ಟಿದ್ದಾರೆ. ಮಣ್ಣಿನಲ್ಲಿ ಸಿಕ್ಕ ಮಡಕೆ ಚೂರುಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಗೋಣಿಚೀಲದ ಮೇಲೆ ಒಣಗಿಸಬೇಕು. ಮಾತಾಡಬೇಕಿಲ್ಲ. ಅದೇ ಒಳ್ಳೆಯದು. ಕೈಗೆ ಕೆಲಸವಿದ್ದರೆ ದಿನ ಸರಿಯುತ್ತದೆ.

ಮೊನ್ನೆ ರಾತ್ರಿ ಕರಡಿ ಬಂದು ಗೆದ್ದಲು ಹುಡುಕುತ್ತಾ, ಇವರು ದಾರ ಕಟ್ಟಿ ಗುರುತು ಮಾಡಿದ್ದ ಒಂದು ಚೌಕವನ್ನು ಪೂರ್ತಿ ಬಗೆದು ಹಾಕಿತ್ತು. "ಕರಡೀದು ಒಂದು ಹಾಜರಿ ಬರ್ಕೊಳ್ರಿ ಮೇಡಂ, ನಮಗಿಂತ ಜಾಸ್ತಿ ತೋಡೈತಿ" ಎಂದ ಜಂಬಯ್ಯ.

ನಿಮ್ಮ ತಮ್ಮನ, ನಮ್ಮ ಯಜಮಾನರ ಸಮಾಧಿಯನ್ನು ಯಾರೂ ಮುಟ್ಟುವುದಿಲ್ಲ. ದಿಬ್ಬ ಒಂದು ಕಡೆ, ಸಮಾಧಿಯ ಬೇವಿನ ಮರ ಇನ್ನೊಂದು ಕಡೆ. ನೀವು ಹೊರಿಸಿ ತಂದು ಇಟ್ಟ ಕಲ್ಲು ಹಾಗೇ ಇದೆ. ಸೋಮವಾರ ಸೋಮವಾರ ಅದರ ಎರಡು ತುದಿಯ ಕುಳಿಗಳಿಗೆ ಎಣ್ಣೆ ಹಾಕಿ ದೀಪ ಹಚ್ಚುತ್ತೇನೆ. ಕುಳಿ ಆಳವಾಗಿರುವುದರಿಂದ ಗಾಳಿಗೆ ಆರುವುದಿಲ್ಲ. ದೀಪಕ್ಕೆಂದೇ ಕೆತ್ತಿದ ಹಾಗಿವೆ. ಇವತ್ತೂ ಹಚ್ಚಿ ಬಂದೆ.

ಮಣ್ಣಿಗೆ ಬಂದು ಹೋದವರು ನೀವು ಮತ್ತೆ ಈ ಕಡೆ ಬಂದಿಲ್ಲ. ದೂರುತ್ತಿಲ್ಲ. ಸುಮ್ಮನೆ ಬರೆದೆ.

ಗೀತಾ

*

ಮಾಗಳ
14 ಡಿಸೆಂಬರ್ 2024

ಗೀತಾಗ ಅಂಜಿನಕ್ಕನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ನನಗ ನಿನ್ನಂಗ ಪುಸ್ತಕದ ಭಾಷೆ ಬರೆಯಾಕ ಬರಂಗಿಲ್ಲ, ಬಾಯಿಗೆ ಬಂದಿದ್ದ ಬರೀತೀನಿ. ನೀ ಪತ್ರ ಬರದಿದ್ದ ಚಲೋ ಆತು. ಫೋನ್ ಮಾಡಿದ್ರ ನನ್ನ ಕಿವ್ಯಾಗ ಗುಂಯ್ ಅನ್ನೋದೊಂದ ಕೇಳ್ತೈತಿ. ಸೊಸಿ ಸೌಭಾಗ್ಯ "ಅತ್ತೀ, ಗೀತಕ್ಕ ಊಟಾತಾ ಅಂತ ಕೇಳಾಕತ್ಯಾಳ" ಅಂತ ಒದರಿ ಹೇಳ್ತಾಳ. ಊಟ ಆಗಿರ್ತೈತವ್ವ, ಅದಕ್ಕ್ಯಾಕ ಫೋನು?

ದಿಬ್ಬ ತೋಡಿದ್ರ ತೋಡ್ಲಿ ಬಿಡು. ನಮ್ಮಪ್ಪ ಅಲ್ಲಿ ನೇಗಿಲ ಹಾಯಿಸಿದಾಗ ಎತ್ತಿನ ಕಾಲು ಮುರೀತು. ಅಂದಿನಿಂದ ಬಿಟ್ಟ. ನಿಧಿ ಗಿಧಿ ಸಿಕ್ರ ಮನಿಮಗಳು ನಾನು ಅದೀನಿ ಅನ್ನೋದ ಮರೀಬ್ಯಾಡ. ನಗಚಾಟಕ್ಕ ಅಂದೆ, ಮತ್ತ ಆ ಮೇಡಂ ಮುಂದ ಹೇಳೀಯ.

ನೀ ಉಣ್ತೀಯೋ ಇಲ್ಲೋ? ಬರೀ ರೊಟ್ಟಿ ಬಡೀತೀನಿ, ಬೋಕಿ ತೊಳೀತೀನಿ ಅಂತ ಬರದಿ. ನೀ ಉಂಡಿದ್ದು ಎಲ್ಲೂ ಬರದಿಲ್ಲ.

ನಾ ಬಂದಿಲ್ಲ ಅಂದ್ರ ಮೊಣಕಾಲು ಅದಾವು. ಬಸ್ಸಿನ ಮೆಟ್ಟಲ ಎತ್ತರ. ಬ್ಯಾರೆ ಏನೂ ಇಲ್ಲ.

ಕಲ್ಲಿನ ಮ್ಯಾಲೆ ದೀಪ ಹಚ್ಚಿದ್ದು ಓದಿ ಸಮಾಧಾನ ಆತು.

ಅಂಜಿನಕ್ಕ

*

ಗುಡೇಕೋಟೆ
29 ಡಿಸೆಂಬರ್ 2024, ಭಾನುವಾರ

ಅಂಜಿನಕ್ಕ ಅವರಿಗೆ,

ಮಧ್ಯಾಹ್ನ ಮೂರು ಗಂಟೆ. ಭಾನುವಾರವಾದ್ದರಿಂದ ಅಗೆತ ಇಲ್ಲ. ಬಟ್ಟೆ ಒಗೆದು ಹಾಕಿ, ನಿನ್ನೆಯ ಅನ್ನಕ್ಕೆ ಮಜ್ಜಿಗೆ ಕಲಸಿ ಉಂಡೆ. ಉಂಡಿದ್ದು ಬರೆಯಬೇಕೆಂದು ನೀವು ಹೇಳಿದ್ದಿರಿ.

ನಿನ್ನೆ ಮಠದ ಬಾಗಿಲು ಸಿಕ್ಕಿತು. ಕದ ಎಂದೋ ಮಣ್ಣಾಗಿದೆ. ಎರಡೂ ಬದಿಯ ನಿಲುವುಗಲ್ಲು ಇವೆ, ಮೇಲಿನ ಅಡ್ಡಗಲ್ಲು ಪಕ್ಕಕ್ಕೆ ಬಿದ್ದಿದೆ. ಆ ಅಡ್ಡಗಲ್ಲಿನ ಎರಡು ತುದಿಯಲ್ಲಿ ಗುಂಡಗೆ ಕುಳಿಗಳಿವೆ. ಇದೇನು ಎಂದು ಕ್ರಾಂತಿಯವರನ್ನು ಕೇಳಿದೆ. "ಹಿಂದೆ ಕದಕ್ಕೆ ಕಬ್ಬಿಣದ ಕೀಲು ಇರ್ತಿರಲಿಲ್ಲ ಗೀತಕ್ಕಾ. ಕದದ ಮೂಲ್ಯಾಗೆ ಗೂಟ ಬಿಟ್ಟಿರ್ತಿದ್ರು. ಆ ಗೂಟ ಮೇಲೊಂದು ಕುಳಿ, ಕೆಳಗೊಂದು ಕುಳಿ ಒಳಗೆ ಕೂತು ತಿರುಗತೆ. ಕೆಳಗಿನ ಕುಳಿ ಹೊಸ್ತಿಲ ಕಲ್ಲಿನಾಗೆ ಇರ್ತಾವೆ. ಆದ್ರೆ ನೋಡ್ರಿ, ಹೊಸ್ತಿಲೇ ಇಲ್ಲ" ಎಂದರು.

ಹೊಸ್ತಿಲಿರಬೇಕಾದ ಜಾಗ ಹಲ್ಲು ಬಿದ್ದ ವಸಡಿನಂತೆ ಖಾಲಿ ಇತ್ತು. ಅವರು ಟೇಪು ಹಿಡಿದು ಮೇಲಿನ ಕುಳಿಗಳ ನಡುವಿನ ಅಂತರ ಅಳೆದರು. ನಾನು ಬೋಕಿ ತಿಕ್ಕುವುದನ್ನು ನಿಲ್ಲಿಸಿದೆ. ಆ ಅಂತರ ನನ್ನ ಕೈಗೆ ಗೊತ್ತಿತ್ತು. ಒಂದು ದೀಪ ಹಚ್ಚಿ, ಕೂತಲ್ಲಿಂದ ಏಳದೆ ಕೈ ಚಾಚಿದರೆ ಇನ್ನೊಂದು ಕುಳಿ ಸಿಗುತ್ತದಲ್ಲ, ಅಷ್ಟು.

ಎಲ್ಲರೂ ಹೋದ ಮೇಲೆ ಅಡ್ಡಗಲ್ಲಿಗೆ ದಾರ ಹಿಡಿದು ಅಳತೆ ತೆಗೆದೆ. ಬೇವಿನ ಮರದ ಕೆಳಗೆ ಹೋಗಿ ನಿಮ್ಮ ಕಲ್ಲಿಗೆ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅಕ್ಕ, ನಾವು ನಿಮ್ಮ ತಮ್ಮನ ಎದೆಯ ಮೇಲೆ ಹೊಸ್ತಿಲು ಇಟ್ಟಿದ್ದೇವೆ. ನಾನು ಇಷ್ಟು ದಿನ ಕದ ತಿರುಗುವ ಕುಳಿಯಲ್ಲಿ ದೀಪ ಹಚ್ಚಿದ್ದೇನೆ.

ಹೊಸ್ತಿಲ ಮೇಲೆ ಕೂರಬಾರದು, ಮಲಗಬಾರದು, ಅಲ್ಲಿ ನಿಂತು ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ನನಗೆ ಹೇಳಿಕೊಟ್ಟವರು ಈ ಮನೆಯವರೇ. ಅಲ್ಲಿರುವವರು ಒಳಗೂ ಅಲ್ಲ, ಹೊರಗೂ ಅಲ್ಲ. ಈ ವರ್ಷವಿಡೀ ಅವರು ಮನೆಯಲ್ಲಿ ಹಾಗೇ ಇದ್ದಾರೆ ಎಂದು ನನಗೆ ಅನ್ನಿಸಿದೆ. ಸ್ಕ್ರೂಡ್ರೈವರ್ ಹುಡುಕುತ್ತಾ ಯಾರೋ ಹಿತ್ತಲಲ್ಲಿ ಓಡಾಡಿದಂತೆ. ಯಾರದಾದರೂ ಬೋರಿನ ಮೋಟಾರ್ ಕೆಟ್ಟರೆ ರಿಪೇರಿಗೆ ಅವರನ್ನು ಕೇಳಿ ಈಗಲೂ ಫೋನ್ ಬರುತ್ತದೆ. "ಇಲ್ಲ" ಎನ್ನುವುದಕ್ಕೆ ಬಾಯಿ ಬರುವುದಿಲ್ಲ, "ಮನೆಯಲ್ಲಿ ಇಲ್ಲ" ಎಂದು ಇಡುತ್ತೇನೆ.

ಕಲ್ಲನ್ನು ಬಾಗಿಲಿಗೆ ಕೊಡಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಮಾರ್ಚ್ ತಿಂಗಳಲ್ಲಿ ಕ್ರಾಂತಿಯವರು ಎಲ್ಲವನ್ನೂ ಅಳೆದು ಬರೆದುಕೊಂಡು, ಮರಳು ಹಾಕಿ ಮುಚ್ಚಿ ಹೋಗುತ್ತಾರೆ. ಮುಚ್ಚದಿದ್ದರೆ ಮಳೆಗೆ ಗೋಡೆ ಕರಗುತ್ತವಂತೆ. ಅಷ್ಟರೊಳಗೆ ಕೊಡದಿದ್ದರೆ ಆ ಬಾಗಿಲು ಹೀಗೇ ಮಣ್ಣಿನೊಳಗೆ ಹೋಗುತ್ತದೆ. ಆದರೆ ನಿಮ್ಮ ಮನೆತನದಲ್ಲಿ ಮನೆಮಗಳು ಇಟ್ಟ ಕಲ್ಲನ್ನು ಮನೆಮಗಳೇ ಎತ್ತಬೇಕು. ಕೇಳಬೇಕೆಂದರೆ ನೀವು ಮಾಡಿದ್ದು ಏನು ಎಂದು ನಿಮಗೆ ಹೇಳಬೇಕು. ಅವತ್ತು ಅಳುತ್ತಲೇ ದಿಬ್ಬದ ಅಂಚಿಗೆ ಹೋಗಿ, ಬೇರೆ ಯಾವ ಕಲ್ಲನ್ನೂ ನೋಡದೆ, ಹುಲ್ಲಿನಲ್ಲಿ ಹುದುಗಿದ್ದ ಇದನ್ನೇ ತೋರಿಸಿ "ಇದ, ಇದನ್ನ ಹೊರ್ರಿ" ಎಂದಿರಿ. ತಮ್ಮನಿಗೆ ನೀವು ಕೊಟ್ಟ ಕೊನೆಯ ವಸ್ತು. ಅದು ಇಡಬಾರದ ಕಲ್ಲಾಗಿತ್ತು ಎಂದು ಹೇಗೆ ಬರೆಯಲಿ?

ಇದನ್ನು ಕಳಿಸುವುದಿಲ್ಲ.

*

ಗುಡೇಕೋಟೆ
30 ಡಿಸೆಂಬರ್ 2024, ಸೋಮವಾರ

ಅಂಜಿನಕ್ಕ ಅವರಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಮಠದ ಬಾಗಿಲು ಸಿಕ್ಕಿದೆ. ಕ್ರಾಂತಿಯವರು ಒಂದು ಕಲ್ಲು ಹುಡುಕುತ್ತಾ ಊರಲ್ಲಿ ಮನೆಮನೆ ತಿರುಗುತ್ತಿದ್ದಾರೆ. ಎಲ್ಲರ ಮನೆಯಲ್ಲೂ ಮಠದ ಕಲ್ಲು ಇವೆ! ಒಬ್ಬರ ಮನೆಯ ಮೆಟ್ಟಿಲು, ಇನ್ನೊಬ್ಬರ ಮನೆಯಲ್ಲಿ ಎಮ್ಮೆ ಕಟ್ಟುವ ಗೂಟದ ಬುಡ. ಜಂಬಯ್ಯನ ಬಚ್ಚಲ ಕಲ್ಲು ಮಠದ ಕಂಬದ ತುಂಡು. "ಬಟ್ಟಿ ಒಗಿಯೋ ಕಲ್ಲು ಒಂದು ಬಿಡ್ರಿ ಮೇಡಂ. ಅದನ್ನ ಒಯ್ದ್ರ ನನ್ನ ಹೆಂಡ್ತಿ ನನ್ನನ್ನ ಒಗೀತಾಳ" ಎಂದು ಕೈ ಮುಗಿದ. "ಯಾರದೂ ಒಯ್ಯಲ್ಲ, ಫೋಟೋ ಹೊಡ್ಕೊಂಡು ಹೋಗ್ತೀನಿ" ಎಂದರು ಅವರು. ಹುಡುಕುವ ಕಲ್ಲು ಯಾವುದು ಎಂದು ಬರೆದರೆ ಉದ್ದವಾಗುತ್ತದೆ, ಬಿಡಿ.

ಚಳಿ ಜಾಸ್ತಿ ಇದೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ಗೀತಾ

*

ಮಾಗಳ
12 ಜನವರಿ 2025

ಗೀತಾ,

ನಿನ್ನ ಚೋಟುದ್ದ ಪತ್ರ ಬಂತು. ಓದಿದೆ. ಸೌಭಾಗ್ಯನ ಕಡಿಂದಲೂ ಓದಿಸಿ ನೋಡಿದೆ, ಎರಡನೇ ಸಲಕ್ಕೂ ಉದ್ದ ಆಗಲಿಲ್ಲ.

ಲೇ ಗೀತಾ, ನೀ ಏನೋ ಮುಚ್ಚಾಕತ್ತೀದಿ. ನೀ ಸುಳ್ಳು ಹೇಳೋಕಿ ಅಲ್ಲ, ಸುಮ್ನಾಗೋಕಿ. ಮದುವಿಯಾಗಿ ಬಂದ ಹೊಸದಾಗ ಕೈ ಸುಟ್ಟುಕೊಂಡು ಸೆರಗಿನಾಗ ಸುತ್ತಿಕೊಂಡು ಎಲ್ಲರಿಗೂ ಬಡಿಸಿದೋಕಿ ನೀ. ನನಗ ಗೊತ್ತಿಲ್ಲೇನು?

ಮಗ ಪಾಲಾಕ್ಷ ಕೂಡ್ಲಿಗಿ ಸಂತಿಗೆ ಗಾಡಿ ಹೊಡಕೊಂಡು ಹೋದಾಗ ಯಾರೋ ಹೇಳ್ಯಾರ, ಆ ಹೊಲ ಸರಕಾರಕ್ಕ ಹೋಗ್ತೈತಿ, ತಂತಿ ಬೇಲಿ ಹಾಕ್ತಾರ ಅಂತ. ಖರೇ ಏನು? ಹೊಲ ಕೊಟ್ಟು ನೀ ಕೊಟ್ಟೂರಿಗೆ, ನಿಮ್ಮ ಅಣ್ಣನ ಮನಿಗೆ ಹೋಗಾಕಿ ಏನು? ಹೋಗೋದಾದ್ರ ಹೋಗು. ನಿನಗ ಗುಡೇಕೋಟ್ಯಾಗ ಯಾರದಾರ? ಮಕ್ಕಳಿಲ್ಲ ಮರಿ ಇಲ್ಲ. ಇರು ಅನ್ನಾಕ ನನಗ ಹಕ್ಕಿಲ್ಲ. ಆದ್ರ ಹೇಳಿ ಹೋಗು. ನೀ ಹೋದ ದಿನಕ್ಕ ನನಗ ತವರುಮನಿ ಮುಗೀತು.

ನನ್ನ ತಮ್ಮನ ವರ್ಷದ ಎಡಿ ಹತ್ರ ಬಂತು. ಅದರೊಳಗ ಖರೇ ಏನೈತಿ ಬರಿ.

ಅಂಜಿನಕ್ಕ

*

ಗುಡೇಕೋಟೆ
19 ಜನವರಿ 2025, ಭಾನುವಾರ

ಅಂಜಿನಕ್ಕ ಅವರಿಗೆ,

ಬೆಳಿಗ್ಗೆ ಹತ್ತು. ಇವತ್ತು ಬೇರೆ ಏನನ್ನೂ ಮಾಡಿಲ್ಲ. ನಿಮ್ಮ ಪತ್ರ ಓದಿ ಕೂತಿದ್ದೇನೆ.

ಹೊಲ ಎಲ್ಲಿಗೂ ಹೋಗುವುದಿಲ್ಲ. ನಾನೂ ಹೋಗುವುದಿಲ್ಲ. ಬೇಲಿಯ ಮಾತು ಯಾರು ಹೇಳಿದರೋ ಗೊತ್ತಿಲ್ಲ. ನನ್ನ ಸುಮ್ಮನಿರುವಿಕೆಯಿಂದ ನಿಮಗೆ ಹಾಗೆ ಅನ್ನಿಸಿತಲ್ಲ ಎಂದು ಬೇಜಾರಾಯಿತು. ನಾನು ಮುಚ್ಚಿದ್ದು ಬೇರೆ. ಈಗ ಹೇಳಿಬಿಡುತ್ತೇನೆ.

ಕ್ರಾಂತಿಯವರು ಹುಡುಕುತ್ತಿರುವುದು ಮಠದ ಹೊಸ್ತಿಲ ಕಲ್ಲನ್ನು. ಅದು ನೀವು ನಿಮ್ಮ ತಮ್ಮನ ಸಮಾಧಿಗೆ ಇಟ್ಟ ಕಲ್ಲು. ನಾವು ದೀಪದ ಕುಳಿ ಎಂದುಕೊಂಡದ್ದು ಕದ ತಿರುಗುವ ಕುಳಿ. ನಾನೇ ಅಳೆದು ನೋಡಿದ್ದೇನೆ. ಅವರಿಗೆ ಹೇಳಿಲ್ಲ. ದಿನವೂ ಆ ಬೇವಿನ ಮರದ ನೆರಳಲ್ಲೇ ಬುತ್ತಿ ಬಿಚ್ಚುತ್ತಾರೆ, ಸಮಾಧಿಯ ಎದುರು ಉಣ್ಣಬಾರದೆಂದು ಬೆನ್ನು ಮಾಡಿ ಕೂರುತ್ತಾರೆ, ಮರ್ಯಾದೆಗೆ.

ನೀವು ಗೊತ್ತಿಲ್ಲದೆ ಇಟ್ಟಿರಿ. ಗೊತ್ತಿಲ್ಲದೆ ಮಾಡಿದ್ದಕ್ಕೆ ದೋಷವಿಲ್ಲ. ನೀವು ನೊಂದುಕೊಳ್ಳುತ್ತೀರಿ ಎಂದು ಹೇಳಲಿಲ್ಲ. ನಿಮ್ಮ ತಮ್ಮ ತೀರಿಕೊಂಡಾಗ ನೀವು ನನ್ನ ಮುಖ ನೋಡಿ "ಆಸ್ಪತ್ರೆಗೆ ಬೆಳಕರಿದ ಮೇಲೆ ಹೊಂಟ್ರಾ?" ಎಂದು ಒಂದು ಮಾತು ಕೇಳಿದಿರಿ. ಆಮೇಲೆ ಮಾತಾಡಲಿಲ್ಲ, ಬರಲೂ ಇಲ್ಲ. ತಡ ಮಾಡಿದೆ ಎಂದು ನಿಮಗೆ ನನ್ನ ಮೇಲೆ ಸಿಟ್ಟಿದೆ ಎಂದುಕೊಂಡಿದ್ದೇನೆ. ಅದರ ಮೇಲೆ ಇದನ್ನೂ ಹೇಗೆ ಹೇಳಲಿ?

ನನಗೆ ಆ ಕಲ್ಲನ್ನು ಬಾಗಿಲಿಗೆ ಕೊಡುವ ಆಸೆ ಇದೆ. ಮಠದ ಒಳಗೆ ಎಲ್ಲಕ್ಕಿಂತ ದೊಡ್ಡ ಕೋಣೆ ಯಾವುದು ಗೊತ್ತೇ? ಅಡುಗೆಮನೆ. ಮೊಣಕಾಲೆತ್ತರ ಬೂದಿ ಇದೆ. ನಾನು ತೊಳೆದ ಬೋಕಿಗಳಲ್ಲಿ ಹೆಚ್ಚಿನವು ಅನ್ನ ಬೇಯಿಸಿದ ಮಡಕೆಗಳಂತೆ, ತಳ ಕಪ್ಪಗಿದೆ. ಮಲಗುವ ಕೋಣೆಗಳು ಇಷ್ಟಿಷ್ಟೇ, ಅಡುಗೆಮನೆ ಅಷ್ಟು ದೊಡ್ಡದು. ದಾರಿಹೋಕರಿಗೆ ಅನ್ನ ಹಾಕುತ್ತಿದ್ದಿರಬೇಕು ಎನ್ನುತ್ತಾರೆ ಕ್ರಾಂತಿಯವರು. ಅಂಥ ಮನೆಯ ಬಾಗಿಲಿಗೆ ಹೊಸ್ತಿಲಿಲ್ಲದೆ ಇರುವುದು ಸರಿ ಕಾಣುವುದಿಲ್ಲ.

ಆದರೆ ಕಲ್ಲು ನಿಮ್ಮದು. ನೀವು ಬೇಡ ಎಂದರೆ ನಾನು ಯಾರಿಗೂ ಹೇಳುವುದಿಲ್ಲ. ಅಲ್ಲೇ ಇರುತ್ತದೆ.

ಗೀತಾ

*

ಗುಡೇಕೋಟೆ
6 ಫೆಬ್ರವರಿ 2025, ಗುರುವಾರ

ಅಂಜಿನಕ್ಕ ಅವರಿಗೆ ನಮಸ್ಕಾರ.

ಸಂಜೆ ಆರೂವರೆ. ವರ್ಷದ ಎಡೆ ನಿನ್ನೆ ಆಯಿತು. ಕರಿಗಡುಬು, ಅನ್ನ, ಬದನೆಕಾಯಿ ಪಲ್ಯ, ಅವರಿಗೆ ಇಷ್ಟವಿದ್ದ ಹುಚ್ಚೆಳ್ಳು ಚಟ್ನಿ. ನಿಮ್ಮ ಬದಲು ಪಾಲಾಕ್ಷ ಬಂದಿದ್ದ. "ಅವ್ವಂಗ ಮೊಣಕಾಲು" ಎಂದ. "ನನ್ನ ಪತ್ರ ಮುಟ್ಟಿತೇನಪ್ಪಾ?" ಎಂದು ಕೇಳಿದೆ. "ಮುಟ್ಟೈತಿ ಅತ್ತೀ. ಓದಿ ಮಡಚಿ ಸೊಂಟಕ್ಕ ಸಿಗಿಸಿಕೊಂಡು ಹೊಳಿ ಕಡೆ ಹೋದ್ಲು. ದಿನಾ ಹೋಗ್ತಾಳ. ಏನ್ ಮಾಡ್ತಿ ಅಂದ್ರ ಹೇಳವಲ್ಲಳು" ಎಂದ.

ದಿನಾ ಹೊಳೆಗೆ ನಡೆಯುವ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಯಾಕೆ ಎತ್ತರವಾಯಿತು ಎಂದು ನಾನು ಕೇಳಲಿಲ್ಲ.

ನಿಮ್ಮಿಂದ ಉತ್ತರವಿಲ್ಲ. ಅದೇ ಉತ್ತರ ಎಂದುಕೊಂಡಿದ್ದೇನೆ. ಕಲ್ಲು ಅಲ್ಲೇ ಇರಲಿ. ಕೇಳಿದ್ದನ್ನು ಮರೆತುಬಿಡಿ.

ಗೀತಾ

*

ಮಾಗಳ
13 ಫೆಬ್ರವರಿ 2025

ಗೀತಾ,

ನೀನ ಪ್ರಶ್ನೆ ಕೇಳಿ ನೀನ ಉತ್ತರ ಬರಕೊಂಡ್ರ ನಾ ಯಾಕ ಬೇಕವ್ವ?

ಸಿಟ್ಟಲ್ಲ. ನಾಚಿಕಿ. ಕೇಳು.

ಆ ಕಲ್ಲು ಹೊಸ್ತಿಲು ಅಂತ ನನಗ ಗೊತ್ತಿತ್ತು. ಸಣ್ಣಾಕಿ ಇದ್ದಾಗಿಂದ ಗೊತ್ತು. ನಾನೂ ತಮ್ಮ ರಾಮಾಂಜಿನೂ ದನ ಕಾಯಾಕ ಹೋದಾಗ ಅವ ಹೋಗಿ ಅದರ ಮ್ಯಾಲೆ ಅಂಗಾತ ಬೀಳ್ತಿದ್ದ. ಬಿಸಿಲಿಗೆ ಕಾದು ಬೆಚ್ಚಗ ಇರ್ತಿತ್ತು. ಆ ಕುಳ್ಯಾಗ ಹುಣಸಿ ಬೀಜ ಹಾಕಿ ಕುಟ್ಟೋದು, ತಿನ್ನೋದು. ನಮ್ಮಜ್ಜಿ ದೂರದಿಂದ ಒದರತಿದ್ಲು: "ಏಳೋ ಮುಂಡೇದ, ಅದು ಮಠದ ಹೊಸ್ತಿಲು, ಅದರ ಮ್ಯಾಲೆ ಮಲಗಬಾರದು!" ಇವ ಏಳ್ತಿದ್ದ, ಆಕಿ ಆ ಕಡಿ ತಿರುಗಿದ ಕೂಡಲೆ ಮತ್ತ ಬೀಳ್ತಿದ್ದ. ಆಕಿ ಕಲ್ಲು ತಗೊಂಡು ಒಗೀತಿದ್ಲು. ದಿನಾ ಇದ.

ಅವತ್ತು ಅವನನ್ನ ಮಲಗಿಸಿ ಮಣ್ಣು ಎಳದ ಮ್ಯಾಲೆ ಯಾವ ಕಲ್ಲು ತರ್ತಿ ಅಂತ ಎಲ್ಲರೂ ನನ್ನ ಮುಖ ನೋಡಿದ್ರು. ನನಗ ಬ್ಯಾರೆ ಕಲ್ಲ ಕಾಣಲಿಲ್ಲ. ಜೀವ ಇದ್ದಾಗ ಯಾರೂ ಮಲಗಗೊಡಲಿಲ್ಲ, ಈಗರ ಅವನ ಕಲ್ಲು ಅವನ ಹತ್ರ ಇರಲಿ, ಈಗ ಎಬ್ಬಿಸೋರು ಯಾರದಾರ ಅಂತ ತೋರಿಸಿದೆ. ನೀ ಶಾಸ್ತ್ರ ಸಂಪ್ರದಾಯ ನೋಡೋಕಿ. ಹೊಸ್ತಿಲು ಅಂತ ತಿಳಿದ್ರ ಎದಿ ಒಡಕೊಂತಿ ಅಂತ ನಿನಗ ಹೇಳಲಿಲ್ಲ. ವರ್ಷ ಆತು ಹೇಳಿಲ್ಲ. ನೀ ನನ್ನ ಕಾಯಾಕತ್ತಿದ್ದಿ, ನಾ ನಿನ್ನ ಕಾಯಾಕತ್ತಿದ್ದೆ.

ಆಸ್ಪತ್ರಿ ಮಾತು ನಾ ಕೇಳಿದ್ದು ಖರೇ. ಕಿವುಡಿ ನಾನು, ನೀ ಏನು ಉತ್ತರ ಕೊಟ್ಟಿ ಅದು ಕೇಳಲಿಲ್ಲ. ತಿರುಗಿ ಕೇಳಾಕ ಮನಸು ಆಗಲಿಲ್ಲ, ಬಿಟ್ಟೆ. ಸಿಟ್ಟು ಅಂತ ನೀ ವರ್ಷಪೂರ್ತಿ ಹೊತ್ಕೊಂಡು ತಿರುಗಿದಿ. ನಾ ಬಂದಿಲ್ಲ ಅಂದ್ರ ಅವ ಇಲ್ಲದ ಮನಿಗೆ ಬರಾಕ ಕಾಲು ಏಳವಲ್ವು. ಮೊಣಕಾಲಿನ ಸುದ್ದಿ ನೆಪ.

ಈಗ ಕಲ್ಲಿನ ಮಾತು. ನಿನ್ನ ಪತ್ರ ಹಿಡಕೊಂಡು ಭಾಳ ವಿಚಾರ ಮಾಡಿದೆ. ವರ್ಷ ಮಲಗ್ಯಾನ, ಸಾಕು. ಹೊಸ್ತಿಲ ಹಿಡಕೊಂಡು ಎಷ್ಟು ದಿನ ಮಲಗ್ತಾನ? ಒಳಗರ ಹೋಗ್ಲಿ, ಹೊರಗರ ಹೋಗ್ಲಿ. ಬಾಗಿಲಿನ ಕಲ್ಲು ಬಾಗಿಲಿಗೆ ಕೊಡು. ಆದ್ರ ನಾ ಬಂದು ಮುಟ್ಟಿದ ಮ್ಯಾಲೆ ಎತ್ತಬೇಕು. ಅವನಿಗೆ ಬ್ಯಾರೆ ಕಲ್ಲು ನಾನ ತರ್ತೀನಿ. ಅದಕ್ಕ ದಿನಾ ಹೊಳಿಗೆ ಹೋಗ್ತಿದ್ದೆ. ಒಂದು ಸಿಕ್ಕೈತಿ. ಕರ್ರಗ, ನುಣ್ಣಗ, ಸಣ್ಣ ಕುಂಬಳಕಾಯಿ ಅಷ್ಟೈತಿ. ಸೌಭಾಗ್ಯ "ಅತ್ತೀ, ಬಸ್ಸಿನಾಗ ಕಂಡಕ್ಟರ್ ಇದಕ್ಕ ಟಿಕೆಟ್ ಕೇಳ್ತಾನ" ಅಂತಾಳ. ಕೇಳಿದ್ರ ನನಗ ಕೇಳಂಗಿಲ್ಲ ಬಿಡು.

ಇದ ಶನಿವಾರ ಅಲ್ಲ, ಬರೋ ಶನಿವಾರ ಬರ್ತೀನಿ. ಸೋಮವಾರ ಎತ್ತೋಣು.

ಅಂಜಿನಕ್ಕ

*

ಗುಡೇಕೋಟೆ
25 ಫೆಬ್ರವರಿ 2025, ಮಂಗಳವಾರ

ಅಂಜಿನಕ್ಕ ಅವರಿಗೆ ಗೀತಾ ಮಾಡುವ ನಮಸ್ಕಾರಗಳು.

ಸಂಜೆ ಏಳು ಗಂಟೆ. ಬೆಳಿಗ್ಗೆ ನಿಮ್ಮನ್ನು ಬಸ್ಸು ಹತ್ತಿಸಿ ಹೊಲಕ್ಕೆ ಹೋದೆ, ಬೋಕಿ ತೊಳೆದೆ, ಮನೆಗೆ ಬಂದು ನೀವು ಮಾಡಿಟ್ಟು ಹೋದ ಸಾರಿಗೆ ಬಿಸಿ ಮುದ್ದೆ ಮಾಡಿಕೊಂಡು ಉಂಡೆ. ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಗಿದೆ. ಚೆನ್ನಾಗಿದೆ.

ನಿನ್ನೆ ಕಲ್ಲು ಎತ್ತುವಾಗ ನೀವು ಎಲ್ಲವನ್ನೂ ನೋಡಿದಿರಿ, ಆದರೆ ಆಡಿದ ಮಾತು ನಿಮಗೆ ಕೇಳಿಲ್ಲ. ಅದನ್ನು ಬರೆಯುತ್ತೇನೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಮಾತು ಕೊಟ್ಟಿದ್ದೆನಲ್ಲ.

ನೀವು ಕಲ್ಲಿನ ಮೇಲೆ ಕೈಯಿಟ್ಟು ನಿಂತಿರಿ. ಗಂಡಸರು ಹಾರೆ ಹಾಕಿ ಕಾಯುತ್ತಿದ್ದರು. ಜಂಬಯ್ಯ "ಅಕ್ಕಾರ, ಕೈ ತಗೀರಿ, ಬೆರಳು ಸಿಕ್ಕಾವು" ಎಂದು ಒದರಿದ. ನೀವು ಅಲುಗಲಿಲ್ಲ. "ಕಿವಿ ಕೇಳದಿದ್ರೂ ಗತ್ತು ನೋಡ್ರಿ" ಎಂದ ಹಿಂದಿನಿಂದ ಯಾರೋ. ಕ್ರಾಂತಿಯವರು, "ಯಾರೂ ಅವಸರ ಮಾಡಬ್ಯಾಡ್ರಿ. ಅವರಾಗಿ ಕೈ ತೆಗೀಲಿ. ಸಾವಿರ ವರ್ಷ ಆಗೇತೆ, ಇನ್ನು ಐದು ನಿಮಿಷ ಏನು" ಎಂದರು. ಅಷ್ಟು ಹೊತ್ತು ಜಂಬಯ್ಯ ಬೀಡಿ ಕೂಡ ಹಚ್ಚಲಿಲ್ಲ.

ಕಲ್ಲು ಎದ್ದಾಗ ಅಡಿಯಿಂದ ಚೇಳು ಬಂತಲ್ಲ, ಜಂಬಯ್ಯ ಹಾರೆ ಬಿಟ್ಟು ಹಾರಿದನಲ್ಲ, ಆಗ ಅವನ ಬಾಯಿಂದ ಬಂದ ಮಾತನ್ನು ನಾನು ಬರೆಯುವುದಿಲ್ಲ. ನಿಮಗೆ ಕೇಳದಿದ್ದದ್ದೇ ಒಳ್ಳೆಯದು. ನಾನು ಬಾಯಿಗೆ ಸೆರಗು ಹಿಡಿದು ನಕ್ಕದ್ದನ್ನು ನೀವು ನೋಡಿದಿರಿ. ಬಹಳ ದಿನವಾಗಿತ್ತು.

ಕಲ್ಲನ್ನು ಬಾಗಿಲಿಗೆ ಕೂರಿಸಿದ ಮೇಲೆ ಕ್ರಾಂತಿಯವರು ಅದರ ನಡುವಿನ ತಗ್ಗಿನಲ್ಲಿ ಅಂಗೈ ಇಟ್ಟು ನಿಮಗೆ ಏನೋ ಹೇಳಿದರು. ನೀವು "ಹೂಂ ಹೂಂ" ಎಂದಿರಿ. ಅವರು ಹೇಳಿದ್ದು ಇದು: "ಈ ತಗ್ಗು ಉಳಿಯಿಂದ ಆಗಿದ್ದಲ್ಲ, ಕಾಲಿಂದ ಆಗಿದ್ದು. ಒಳಗೆ ಹೋದವರೂ ಹೊರಗೆ ಬಂದವರೂ ಒಂದೇ ಕಡೆ ಹೆಜ್ಜೆ ಇಟ್ಟಾರೆ." ಆಮೇಲೆ ನಿಮ್ಮ ಕೈ ಹಿಡಿದು, "ನೀವು ಇದನ್ನ ಅವತ್ತು ಸಮಾಧಿಗೆ ಒಯ್ಯದಿದ್ರೆ ಯಾರದೋ ಮನೆ ಬಚ್ಚಲಿಗೆ ಹೋಗಿರ್ತಿತ್ತು ಅಜ್ಜಿ" ಎಂದರು. ಅಜ್ಜಿ ಎಂದದ್ದು ನಿಮಗೆ ಕೇಳಿಸಿದ್ದರೆ ಸಿಟ್ಟಾಗುತ್ತಿದ್ದಿರಿ.

ನಂತರ ನೀವು ಯಾರನ್ನೂ ಕೇಳದೆ ಹೋಗಿ ಆ ಹೊಸ್ತಿಲ ಮೇಲೆ ಕೂತುಬಿಟ್ಟಿರಿ. ಕೂಲಿಯ ಹೆಂಗಸರು "ಅಯ್ಯ, ಏಳ್ರಿ, ಅಲ್ಲಿ ಕೂಡಬಾರದು" ಎಂದು ಒಟ್ಟಿಗೆ ಕೂಗಿದರು. ನೀವು ದೂರ ನೋಡುತ್ತಾ ಕೂತಿದ್ದಿರಿ. ನಾನೇ ಅವರನ್ನು ಸುಮ್ಮನಿರಿಸಿದೆ. "ಇರ್ಲಿ ಬಿಡ್ರಿ, ಕೂಡ್ಲಿ" ಎಂದೆ. ನೀವು ಎದ್ದ ಮೇಲೆ ನಾನೂ ಸ್ವಲ್ಪ ಹೊತ್ತು ಕೂತೆ. ಇದನ್ನು ನೀವು ನೋಡಿಲ್ಲ, ಆಗ ನೀವು ಹೊಳೆಗಲ್ಲಿಗೆ ಕುಂಕುಮ ಹಚ್ಚುತ್ತಿದ್ದಿರಿ. ಕಲ್ಲು ಬೆಚ್ಚಗಿತ್ತು.

ಇನ್ನು ಇವತ್ತಿನ ಸಂಗತಿ. ಇಷ್ಟು ದಿನ ಮಠದೊಳಗೆ ಹೋಗಲು ಎಲ್ಲರೂ ಮುರಿದ ಗೋಡೆ ದಾಟಿಯೇ ಇಳಿಯುತ್ತಿದ್ದೆವು. ಜಂಬಯ್ಯ ಅಭ್ಯಾಸದ ಬಲದಿಂದ ಇವತ್ತೂ ಗೋಡೆ ಹತ್ತಿದ. "ಜಂಬಯ್ಯ, ಬಾಗಿಲೈತೆ, ಬಾಗಿಲಿಂದ ಬರ್ರಿ" ಎಂದರು ಕ್ರಾಂತಿಯವರು. ಅವನು ಇಳಿದು, ಸುತ್ತು ಹಾಕಿ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ದಾಟಿದ. ಅವನ ಹಿಂದೆ ಉಳಿದವರೂ ಹಾಗೇ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿಯಾಯಿತು. "ತುಳಿದ್ರೆ ಏನಾಗಲ್ಲ, ತುಳಿದೇ ಅಷ್ಟು ಸವೆದೈತೆ" ಎಂದು ಅವರು ನಕ್ಕರು. "ತುಳದೋರು ಸ್ವಾಮಿಗಳು ಮೇಡಂ. ನಮ್ಮನ್ನ ನಮ್ಮವ್ವ ಬಿಡಾಕಿಲ್ಲ" ಎಂದ ಜಂಬಯ್ಯ. ಅವನ ತಾಯಿ ತೀರಿ ಹೋಗಿ ಎಷ್ಟೋ ವರ್ಷವಾಯಿತು.

ಹನ್ನೊಂದು ಗಂಟೆಗೆ ಚಹಾದ ಕೆಟಲಿ ಹಿಡಿದು ನಾನೂ ಬಾಗಿಲಿಂದಲೇ ಒಳಗೆ ಹೋದೆ. ಒಳಗಿದ್ದವರಿಗೆಲ್ಲ ಅಲ್ಲೇ, ಆ ಹಳೆಯ ಅಡುಗೆಮನೆಯಲ್ಲಿ ಕೊಟ್ಟು, ನಾನೂ ಒಂದು ಲೋಟ ಕುಡಿದೆ.

ಮಧ್ಯಾಹ್ನ ಹಳ್ಳದಾಚೆಯ ಬೊಮ್ಮಪ್ಪನ ಫೋನು ಬಂದಿತ್ತು. ಬೋರಿನ ಮೋಟಾರ್ ಸುಟ್ಟಿದೆ, ಅಣ್ಣಾರು ಇದ್ದಾರಾ ಎಂದ. ಅವನಿಗೆ ಗೊತ್ತಿರಲಿಲ್ಲವಂತೆ. "ಅವರು ತೀರಿಕೊಂಡು ವರ್ಷವಾಯಿತಪ್ಪಾ" ಎಂದೆ. ಕೂಡ್ಲಿಗಿಯಲ್ಲಿ ವೈಂಡಿಂಗ್ ಮಾಡುವವರ ಅಂಗಡಿ ಎಲ್ಲಿದೆ ಎಂದು ಹೇಳಿದೆ.

ಮುಂದಿನ ತಿಂಗಳು ಎಲ್ಲದರ ಮೇಲೂ ಮರಳು ಹಾಕಿ ಮುಚ್ಚುತ್ತಾರೆ. ಬಾಗಿಲು, ಹೊಸ್ತಿಲು, ಬೂದಿ ಎಲ್ಲ ಕೆಳಗೆ ಹೋಗುತ್ತವೆ. ಮೇಲೆ ದಿಬ್ಬ ಮೊದಲಿನ ಹಾಗೇ ಕಾಣುತ್ತದೆ. ಬೇಜಾರಾಗುತ್ತದೆಯೇ ಎಂದು ಕ್ರಾಂತಿಯವರು ಕೇಳಿದರು. ಇಲ್ಲ ಎಂದೆ. ಯಾವುದು ಎಲ್ಲಿದೆ ಎಂದು ಗೊತ್ತಿದ್ದರೆ ಮುಚ್ಚಿದ್ದರೂ ನಡೆಯುತ್ತದೆ ಅಕ್ಕ.

ಮೊಣಕಾಲಿನ ನೆಪ ಇನ್ನು ನಡೆಯುವುದಿಲ್ಲ. ಯುಗಾದಿಗೆ ಬನ್ನಿ.

ನಾಳೆ ಶಿವರಾತ್ರಿ. ಕೆಲಸಕ್ಕೆ ರಜೆ.

ಗೀತಾ